ಐದೂರಿನ ನೀರು, ಒಂದೇ ಉತ್ತರ

ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನ ಮೂರರ ಮೇಲೆ ನಡೆಯುವ ತರಗತಿಗೆ ಕಾಗದದಲ್ಲಿ 'ಪರಿಹಾರ ಬೋಧನೆ' ಎಂದು ಹೆಸರು. ಹುಡುಗರ ಬಾಯಲ್ಲಿ ಅದು ದಡ್ಡರ ಕ್ಲಾಸು. ಬಿ.ಎಸ್ಸಿ. ಮೊದಲ ವರ್ಷದವರಲ್ಲಿ ಕಿರುಪರೀಕ್ಷೆಯಲ್ಲಿ ಹಿಂದೆ ಬಿದ್ದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಅವರನ್ನು ಕೂಡಿಸಿಕೊಂಡು, ತಲೆಗೆ ಹತ್ತದೆ ಉಳಿದದ್ದನ್ನು ಮತ್ತೆ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಇಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷ ಎದ್ದು ಹೋಗದೆ ಕೂತ ಅತಿಥಿಯನ್ನು ಯಾರ ಮನೆಯಲ್ಲೂ ನೋಡಿಲ್ಲ ಎಂದು ನನ್ನ ಗಂಡ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ಅವರು ರೈಲ್ವೆಯಲ್ಲಿದ್ದಾರೆ, ನಮ್ಮ ಮನೆ ವಾಡಿಯ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಎದ್ದು ನಾಲ್ಕು ರೊಟ್ಟಿ ಬಡಿದು, ಪುಂಡಿಪಲ್ಲೆಯ ಡಬ್ಬಿ ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿ ಹತ್ತುತ್ತೇನೆ. ಶಹಾಬಾದಿನಿಂದ ಬರುವ ಹುಡುಗರಿಬ್ಬರು ವಾಡಿಯಲ್ಲಿ ಇದೇ ಗಾಡಿಗೆ ಸೇರುತ್ತಾರೆ, ಚಿತ್ತಾಪುರದಲ್ಲಿ ಇನ್ನೊಂದು ಗುಂಪು ಹತ್ತುತ್ತದೆ. ಸೇಡಂನಲ್ಲಿ ಎಲ್ಲರೂ ಇಳಿದು ಕಾಲೇಜು ಮುಟ್ಟುವ ಹೊತ್ತಿಗೆ ಚಿಂಚೋಳಿ ಕಡೆಯ ಬಸ್ಸು ಇನ್ನೂ ಬಂದಿರುವುದಿಲ್ಲ. ಅದರಲ್ಲಿ ಬರುವವರಿಗೆ ಮೊದಲ ಪೀರಿಯಡ್ ಅರ್ಧವೇ ಸಿಗುತ್ತದೆ, ಆ ಅರ್ಧವೂ ದಮ್ಮು ತೆಗೆದುಕೊಳ್ಳುವುದರಲ್ಲಿ ಕಳೆಯುತ್ತದೆ.

ಹತ್ತನೆಯ ತನಕ ಕನ್ನಡದಲ್ಲಿ ಓದಿ ಬಂದ ಮಕ್ಕಳು ಇವರು. ಪಿಯುಸಿಯನ್ನು ಹೇಗೋ ಬಾಯಿಪಾಠದ ಮೇಲೆ ದಾಟಿರುತ್ತಾರೆ. ಇಲ್ಲಿಗೆ ಬಂದ ಮೇಲೆ ಪುಸ್ತಕ ದಪ್ಪವಾಗುತ್ತದೆ, ಬಾಯಿಪಾಠ ಸಾಲುವುದಿಲ್ಲ. ತಿಳಿಯಿತೇನು ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ತಿಳಿದಿಲ್ಲ ಎಂದು ಹೇಳುವುದು ಅವಮಾನ ಎಂದು ಯಾರೋ ಅವರಿಗೆ ಬಹಳ ಹಿಂದೆಯೇ ಕಲಿಸಿಬಿಟ್ಟಿದ್ದಾರೆ. ಹೀಗೆ ತಲೆ ಆಡಿಸುವ ಮಕ್ಕಳ ಮುಂದೆ ವರ್ಷಗಟ್ಟಲೆ ನಿಂತರೆ ಹೇಳುವವರಿಗೂ ದಣಿವಾಗುತ್ತದೆ. ಒಂದು ದಿನ ನಾನೂ ಅವರ ತಲೆ ಆಡಿಸುವಿಕೆಯನ್ನು ನಂಬಲು ಶುರು ಮಾಡಿದೆ. ಅದು ಸುಲಭ.

ಇದರ ಮೇಲೆ ಒಂದು ಮೆಂಟರ್ ರಿಜಿಸ್ಟರ್ ಇದೆ. ಪ್ರತಿ ಉಪನ್ಯಾಸಕರಿಗೂ ಇಷ್ಟಿಷ್ಟು ಮಕ್ಕಳೆಂದು ಹಂಚಿ, ಅವರ ಕಷ್ಟಸುಖ ಕೇಳಿ ದಾರಿ ತೋರಿಸಬೇಕೆಂದು ಆದೇಶ. ಅದರಲ್ಲಿ ಮೂರು ಕಾಲಂ: ಸಮಸ್ಯೆ, ನೀಡಿದ ಮಾರ್ಗದರ್ಶನ, ಸುಧಾರಣೆ. ಮೊದಲ ಎರಡರಲ್ಲಿ ಏನು ಬರೆದರೂ ನಡೆಯುತ್ತದೆ. ಮೂರನೆಯದು ಖಾಲಿ ಉಳಿದರೆ ತಪಾಸಣೆಗೆ ಬಂದವರು ಅಲ್ಲಿ ಬೆರಳಿಡುತ್ತಾರೆ.

ಇನ್ನು ಬಾಟಲಿಗಳ ವಿಷಯ. ನಾನು ಹೊಸದಾಗಿ ಸೇರಿದ ವರ್ಷ ಹುಮ್ಮಸ್ಸಿನಲ್ಲಿ ಒಂದು ಪದ್ಧತಿ ಹಾಕಿದ್ದೆ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದ ಅಂಶ, ಅಳೆಯುವ ಪ್ರಯೋಗಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯ ನೀರನ್ನೇ ಬಾಟಲಿಯಲ್ಲಿ ತರಬೇಕು. ಆ ನೀರನ್ನು ಗಾಜಿನ ಫ್ಲಾಸ್ಕಿಗೆ ಹಾಕಿ ಎರಡು ಹನಿ ಬಣ್ಣ ಬಿಟ್ಟರೆ ಅದು ಕೆಂಪಗಾಗುತ್ತದೆ. ಬ್ಯುರೆಟ್ ಎಂಬ ಗೀರು ಹಾಕಿದ ಉದ್ದನೆಯ ಕೊಳವೆಯಿಂದ ಔಷಧಿಯನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಗಳಿಗೆಗೆ ಕೆಂಪು ಹೋಗಿ ನೀಲಿಯಾಗುತ್ತದೆ. ನೀರು ಎಷ್ಟು ಗಡಸೋ ಅಷ್ಟು ಹೆಚ್ಚು ಔಷಧಿ ಬೇಕು. ನೀಲಿಯಾದಾಗ ಕೊಳವೆಯ ಗೀರು ನೋಡಿ ಎಷ್ಟು ಮಿಲಿಲೀಟರ್ ಖರ್ಚಾಯಿತೆಂದು ಬರೆಯಬೇಕು. ತಮ್ಮೂರಿನ ನೀರು ತಾವೇ ಅಳೆದರೆ ಮಕ್ಕಳಿಗೆ ವಿಜ್ಞಾನದ ಮೇಲೆ ಪ್ರೀತಿ ಹುಟ್ಟುತ್ತದೆ ಎಂದು ನಾನು ತಿಳಿದಿದ್ದೆ. ಪದ್ಧತಿ ಉಳಿಯಿತು, ಪ್ರತಿವರ್ಷ ಕಿಟಕಿಯ ಫರ್ಸಿಕಲ್ಲಿನ ಚಪ್ಪಡಿಯ ಮೇಲೆ ಬಾಟಲಿಗಳು ಸಾಲಾಗಿ ಕೂಡುತ್ತವೆ. ನಾನು ಮಾತ್ರ ಅವುಗಳನ್ನು ನೋಡುವುದು ಬಿಟ್ಟೆ.

ನೋಡುತ್ತಿದ್ದದ್ದು ಜರ್ನಲ್ಲುಗಳನ್ನು. ಪ್ರಯೋಗ ಬರೆದ ಈ ದಪ್ಪ ಪುಸ್ತಕಕ್ಕೆ ನನ್ನ ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂಡಿಸುವುದಿಲ್ಲ. ಸಹಿ ಮಾಡುವುದು ಸಂಜೆಯ ಗಾಡಿಯಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು. ಮಳಖೇಡ ದಾಟುವುದರೊಳಗೆ ಹತ್ತು, ಚಿತ್ತಾಪುರಕ್ಕೆ ಇಪ್ಪತ್ತು, ವಾಡಿಯ ಸಿಮೆಂಟಿನ ಚಿಮಣಿ ಕಾಣುವಾಗ ಮೂವತ್ತರ ಮೇಲೆ. ನೀರಿನ ಪ್ರಯೋಗದ ಪುಟ ಬಂದರೆ ಕೊನೆಯ ಸಾಲಿಗೆ ಹೋಗುತ್ತಿದ್ದೆ. ಹದಿನೆಂಟು ಪಾಯಿಂಟ್ ನಾಲ್ಕು ಎಂದಿದ್ದರೆ ಸರಿ ಗುರುತು ಹಾಕಿ ಮುಂದಿನದಕ್ಕೆ ಕೈ ಹಾಕುತ್ತಿದ್ದೆ. ಹೆಚ್ಚೂ ಕಡಿಮೆ ಎಲ್ಲರದೂ ಹದಿನೆಂಟು ಪಾಯಿಂಟ್ ನಾಲ್ಕೇ ಇರುತ್ತಿತ್ತು.

ಹೋದ ವರ್ಷದ ತಂಡದಲ್ಲಿ ಒಬ್ಬ ಹುಡುಗಿಯದು ಮಾತ್ರ ಐವತ್ಮೂರು ಇತ್ತು.

ಅವಳು ಚಿತ್ತಾಪುರದ ಆಚೆ, ಕಾಗಿಣಾ ಹೊಳೆಯ ದಂಡೆಯ ಹಳ್ಳಿಯವಳು. ಅಜ್ಜನ ಕಾಲದವರೆಗೆ ಮನೆಯವರು ಹೊಳೆಯನ್ನೇ ನಂಬಿ ಬದುಕಿದವರು, ಈಗ ಅಪ್ಪ ಕಲ್ಲಿನ ಖಣಿಗೆ ಹೋಗುತ್ತಾನೆ, ಅವ್ವ ಹೊಲದ ಕೂಲಿಗೆ. ಹುಡುಗಿ ಮಾತು ಕಡಿಮೆ. ಕಿರುಪರೀಕ್ಷೆಯಲ್ಲಿ ನೆಲ ಕಚ್ಚಿ ನನ್ನ ಮಧ್ಯಾಹ್ನದ ತರಗತಿಗೆ ಬಂದವಳು. ಮೊದಲ ದಿನ, ಬಿ.ಎಸ್ಸಿ. ಯಾಕೆ ತೆಗೆದುಕೊಂಡೆ ಎಂದು ಕೇಳಿದ್ದೆ. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಗೆ ಮಾವನ ಜೊತೆ ಹೋಗಿದ್ದಾಗ ಗಾಜಿನ ಕೋಣೆಯೊಳಗೆ ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ಏನನ್ನೋ ಅಳೆಯುತ್ತಿದ್ದುದನ್ನು ನೋಡಿದಳಂತೆ. "ಅಂಥಾದ್ದೇ ಕೆಲಸ ಮಾಡಬೇಕಂತ ಅದರಿ" ಎಂದಿದ್ದಳು. ಅದನ್ನು ರಿಜಿಸ್ಟರಿನ ಮೊದಲ ಕಾಲಮ್ಮಿನಲ್ಲಿ ಬರೆಯಲು ಜಾಗವಿರಲಿಲ್ಲ. 'ಇಂಗ್ಲಿಷ್ ತೊಂದರೆ' ಎಂದು ಬರೆದೆ.

ಜರ್ನಲ್ ತೋರಿಸಲು ಬಂದಾಗ ನನಗೆ ತಲೆನೋವಿತ್ತು. ಅದು ಕಾರಣವಲ್ಲ, ನೆಪ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

"ಇದೇನವ್ವಾ? ಎಲ್ಲಾರದೂ ಹದಿನೆಂಟು ಪಾಯಿಂಟ್ ನಾಲ್ಕು ಬಂದದ, ನಿಂದೊಂದೇ ಐವತ್ಮೂರು ಹ್ಯಾಂಗ ಬಂತು?"

"ಬಂದದ್ದೇ ಬರದೀನ್ರಿ ಮೇಡಂ. ಬ್ಯುರೆಟ್ ಎರಡ್ ಸಲ ತುಂಬೀನ್ರಿ."

"ಎರಡ್ ಸಲ ತುಂಬೀದಿ ಅಂದ್ರ ಬಣ್ಣ ಬದಲಾದದ್ದು ನೋಡೇ ಇಲ್ಲ ನೀನು. ನೀಲಿ ಆದ ಮ್ಯಾಲೂ ಬಿಟ್ಕೋತ ಕುಂತಿದಿ. ಈ ಹಾಳಿ ಹರದು ಹೊಸದಾಗಿ ಬರಕೊಂಡು ಬಾ. ಆಮ್ಯಾಲ ಸೈನ್ ಮಾಡ್ತೀನಿ."

ಹೇಳುತ್ತಲೇ ಐವತ್ಮೂರರ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ 'ತಪ್ಪು' ಎಂದು ಬರೆದೆ. ಅವಳು ಕಿಟಕಿಯ ಕಡೆ, ಬಾಟಲಿಗಳ ಕಡೆ ನೋಡಿದಳು ಎಂದು ಈಗ ಅನಿಸುತ್ತದೆ, ಆಗ ಗಮನಿಸಲಿಲ್ಲ. ಜರ್ನಲ್ಲನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು. ಹುಡುಗಿಗೆ ಭಾರಿ ಸೊಕ್ಕು ಎಂದುಕೊಂಡೆ.

ಮರುದಿನ ಚಿತ್ತಾಪುರದಲ್ಲಿ ಅವಳು ಗಾಡಿ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಹಚ್ಚಿದರೆ ಅವಳಪ್ಪನದು ಬಂದ್. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು, ಜರ್ನಲ್ಲಿಗೆ ಸಹಿ ಹಾಕಲು ಬರುವ ಶನಿವಾರ ಕಡೆಯ ದಿನ. ಪ್ರತಿವರ್ಷ ಮೊದಲ ಸೆಮಿಸ್ಟರಿನಲ್ಲೇ ಮೂರು ನಾಲ್ಕು ಮಕ್ಕಳು ಹೀಗೆ ಉದುರುತ್ತಾರೆ. ಇನ್ನೊಂದು ಹೆಸರು ಎಂದು ಸುಮ್ಮನಾದೆ.

ಬುಧವಾರ ಸಂಜೆಯ ಗಾಡಿ ಎರಡು ತಾಸು ತಡ ಎಂದು ಫೋನಿನಲ್ಲಿ ಬಂತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸೊಳ್ಳೆ ಹೊಡೆಯುವ ಬದಲು ಲ್ಯಾಬಿನಲ್ಲೇ ಉಳಿದೆ. ಪ್ರಯೋಗ ಮುಗಿದಿತ್ತು, ಬಾಟಲಿಗಳನ್ನು ಖಾಲಿ ಮಾಡಿಡೋಣ ಎಂದು ಕಿಟಕಿಗೆ ಹೋದೆ. ಅವಳ ಬಾಟಲಿ ಕಡೆಗಿತ್ತು. ಚೀಟಿಯ ಮೇಲೆ ಅವಳ ಹಾಜರಿ ನಂಬರು, ಊರು, ಕೆಳಗೆ 'ನಳದ ನೀರು, ಬೋರ್' ಎಂದು ಗುಂಡಗೆ ಬರೆದಿದ್ದಳು. ಉಳಿದವರಾರೂ ನಂಬರಿಗಿಂತ ಹೆಚ್ಚು ಬರೆದಿರಲಿಲ್ಲ. ಚೆಲ್ಲಲು ಕೈ ಬರಲಿಲ್ಲ. ಹೇಗೂ ಹೊತ್ತು ಹೋಗಬೇಕಲ್ಲ ಎಂದು ಬ್ಯುರೆಟ್ ತುಂಬಿದೆ.

ಹದಿನೆಂಟಾಯಿತು, ನೀರು ಕೆಂಪಗೇ ಇತ್ತು. ಮೂವತ್ತಾಯಿತು. ನಲವತ್ತಾಯಿತು. ಐವತ್ತಕ್ಕೆ ಕೊಳವೆ ಖಾಲಿಯಾಯಿತು, ಫ್ಲಾಸ್ಕಿನ ನೀರು ಇನ್ನೂ ದಾಸವಾಳದ ಹಾಗೆ ಕೆಂಪಗಿತ್ತು. ಮತ್ತೆ ತುಂಬಿದೆ. ಐವತ್ಮೂರಕ್ಕೆ ಒಂದು ಹನಿ ಬಿದ್ದದ್ದೇ ನೀಲಿಯಾಯಿತು.

ಸ್ಟೂಲಿನ ಮೇಲೆ ಕೂತೆ. ಆಮೇಲೆ ಎದ್ದು ಬೇರೆ ಬಾಟಲಿಗಳನ್ನೂ ತಂದೆ. ಸೇಡಂನ ಒಂದು ನೀರು ಇಪ್ಪತ್ತೆರಡು ತೋರಿಸಿತು. ನಮ್ಮ ವಾಡಿಯದು ಮೂವತ್ತು. ಚಿತ್ತಾಪುರದ್ದು ಮೂವತ್ತಮೂರು, ಶಹಾಬಾದಿನದು ಮೂವತ್ತಾರು. ಚಿಂಚೋಳಿಯ ಗುಡ್ಡದ ಕಡೆಯದು ಹನ್ನೊಂದಕ್ಕೇ ನೀಲಿಯಾಯಿತು. ಒಂದೂ ಹದಿನೆಂಟು ಪಾಯಿಂಟ್ ನಾಲ್ಕು ಅಲ್ಲ. ಕಪಾಟು ತೆಗೆದು ಜರ್ನಲ್ಲುಗಳನ್ನು ಹೊರಗಿಟ್ಟೆ. ಮೂವತ್ತೆಂಟರಲ್ಲಿ ಮೂವತ್ತೇಳು ಪುಸ್ತಕದಲ್ಲಿ ಅದೇ ಅಂಕಿ, ಅದರ ಕೆಳಗೆ ನನ್ನ ಸಹಿ. ಐದು ಊರುಗಳ ನೀರಿಗೆ ಒಂದೇ ಉತ್ತರ ಬಂದದ್ದನ್ನು ನಾನು ಸರಿ ಎಂದಿದ್ದೆ, ನಿಜವಾಗಿ ಅಳೆದವಳದನ್ನು ತಪ್ಪು ಎಂದಿದ್ದೆ.

ಈ ಅಂಕಿ ಎಲ್ಲಿಂದ ಬಂತು ಎಂಬುದೂ ಕೂತಲ್ಲೇ ನೆನಪಾಯಿತು. ನಾನು ಸೇರಿದ ವರ್ಷ ಮಾಡಿ ತೋರಿಸುವಾಗ ಕಾಲೇಜಿನ ನಳದ ನೀರು ತೆಗೆದುಕೊಂಡು, ಬಂದ ಅಳತೆಯನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೆ. ಮೇಡಂ ಬರೆದದ್ದು ಎಂದರೆ ಉತ್ತರ ಎಂದು ಮಕ್ಕಳು ಇಳಿಸಿಕೊಂಡರು. ಮುಂದಿನ ವರ್ಷದವರು ಅವರ ಜರ್ನಲ್ ನೋಡಿ ಇಳಿಸಿಕೊಂಡರು. ಈಗಲೂ ಹಿರಿಯರ ಜರ್ನಲ್ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳು ಊರಿಂದ ನೀರು ಹೊತ್ತು ತರುತ್ತಾರೆ, ಬಣ್ಣ ಬದಲಾಯಿಸಿ ಸಂತೋಷ ಪಡುತ್ತಾರೆ, ಆಮೇಲೆ ಝೆರಾಕ್ಸಿನಲ್ಲಿ ಇದ್ದದ್ದನ್ನು ಬರೆಯುತ್ತಾರೆ. ಹದಿಮೂರು ವರ್ಷದ ಹಿಂದಿನ ನನ್ನದೇ ಅಂಕಿ ನನಗೇ ಸರಿ ಉತ್ತರವಾಗಿ ತಿರುಗಿ ಬರುತ್ತಿತ್ತು. ಆವತ್ತಿನಷ್ಟು ನಾಚಿಕೆ ನನಗೆ ಈ ಕೆಲಸದಲ್ಲಿ ಎಂದೂ ಆಗಿರಲಿಲ್ಲ.

ಅವಳ ಪುಟವನ್ನು ಮತ್ತೆ ನೋಡಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಕನ್ನಡದಲ್ಲಿ ಬರೆದಿದ್ದಳು: 'ಮೂರು ಸಲ ಮಾಡಿ ನೋಡಿದೆ. ಅಷ್ಟೇ ಬಂತು.' ನನ್ನ ಕೆಂಪು ಗೀಟು ಆ ಸಾಲಿನ ಮೇಲೂ ಹಾದು ಹೋಗಿತ್ತು.

ಮರುದಿನ ನಮ್ಮ ವಿಭಾಗದ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ನಿವೃತ್ತಿಗೆ ಹತ್ತಿರವಿರುವ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಚಹಾದ ಕಪ್ಪು ಕೆಳಗಿಟ್ಟು ಪೂರ್ತಿ ಕೇಳಿದರು.

"ನೀವು ಹೇಳೋದು ಖರೇ ಅದ ಮೇಡಂ. ಆದ್ರ ಮೂವತ್ತೇಳು ಜರ್ನಲ್ ಈಗ ತಿದ್ಲಿಕ್ಕ ಕುಂತ್ರ ಸಿಲೆಬಸ್ ಯಾವಾಗ ಮುಗಸ್ತೀರಿ? ಆ ಹುಡುಗೀದು ಸೈನ್ ಮಾಡಿಬಿಡ್ರಿ. ಉಳದದ್ದು ಬರೋ ವರ್ಷ ನೋಡೋಣು."

ನಾನು ಜಗಳ ಆಡಬೇಕಿತ್ತು. ನಿಜ ಹೇಳಬೇಕೆಂದರೆ, ಅವರ ಮಾತು ಕೇಳಿ ಎದೆಯ ಭಾರ ಇಳಿದಂತಾಯಿತು. ಮೂವತ್ತೇಳು ಮಕ್ಕಳನ್ನು ಮತ್ತೆ ಲ್ಯಾಬಿನಲ್ಲಿ ನಿಲ್ಲಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಆಯ್ತು ಸರ್ ಎಂದು ಬಂದೆ.

ಶುಕ್ರವಾರ ರಜೆ ಹಾಕಿ, ಅವಳ ಜರ್ನಲ್ಲನ್ನು ಚೀಲದಲ್ಲಿಟ್ಟುಕೊಂಡು ಚಿತ್ತಾಪುರದಲ್ಲಿ ಇಳಿದೆ. ಟಂಟಂ ಆಟೋ ಹಿಡಿದು ಹಳ್ಳಿ ಮುಟ್ಟುವಾಗ ಬಿಸಿಲು ಏರಿತ್ತು. ಮನೆ ಕೇಳಿಕೊಂಡು ಹೋದರೆ ಅವಳ ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಕಾಲೇಜಿನವಳು ಎಂದ ಕೂಡಲೇ ಗಾಬರಿಯಿಂದ ಎದ್ದಳು.

"ಬರ್ರಿ ಮೇಡಂ, ಕುಂದರ್ರಿ. ಏನ್ ಮಾಡ್ಯಾಳ್ರಿ ನಮ್ ಹುಡುಗಿ? ಕೇಳಿದ್ರ ಏನೂ ಹೇಳವಲ್ಲಳು. ಸೈನ್ಸ್ ನನ್ನ ಕೈಲಾಗಂಗಿಲ್ಲ, ಸೋಮವಾರದಿಂದ ಕಲ್ಲಿನ ಪಾಲಿಶ್ ಮಷೀನಿಗಿ ಹೋಗ್ತೀನಿ ಅಂತ ಕುಂತಾಳ್ರಿ. ಅವರಪ್ಪನೂ ಹೂಂ ಅಂದಾನ."

"ಆಕಿ ಏನೂ ಮಾಡಿಲ್ಲವ್ವಾ. ತಪ್ಪು ಮಾಡಿದಾಕಿ ನಾನು. ನೀರಿನ ಲೆಕ್ಕ ಬರೋಬ್ಬರಿ ಮಾಡಿದ್ಲು, ನಾ ಗಲತ್ ಅಂದೆ."

"ಯಾ ನೀರು? ಈ ನಳದ್ದೇನ್ರಿ?" ಆಕೆ ಮೊರ ಬದಿಗಿಟ್ಟಳು. "ಇದರಾಗೇನದರಿ ಲೆಕ್ಕ ಮಾಡಾದು? ಖಣಿ ಮಗ್ಗಲ ಬೋರಿನ ನೀರು, ಭಾಳ ಸವುಳು. ಇದರಾಗ ಬ್ಯಾಳಿ ಕುದಿಯಂಗೇ ಇಲ್ರಿ. ಬ್ಯಾಳಿಗಿ ಹೊಳಿ ನೀರೇ ಬೇಕು. ಸಣ್ಣ ಕೂಸಿಗೂ ಗೊತ್ತದರಿ."

ಒಲೆಯ ಪಕ್ಕ ಬೋರ್ಲು ಹಾಕಿದ್ದ ಪಾತ್ರೆಯ ಒಳಗೆ ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಪುಸ್ತಕದ ಪಾಠ ಅಲ್ಲೇ ಇತ್ತು. ಸಣ್ಣ ಕೂಸಿಗೂ ಗೊತ್ತಿದ್ದ ಸಂಗತಿಯನ್ನು ನಾನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದ್ದೆ.

ಅಷ್ಟರಲ್ಲಿ ಹುಡುಗಿ ಹೊಳೆಯಿಂದ ಕೊಡ ಹೊತ್ತು ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಕೊಡ ಇಳಿಸುವ ತನಕ ಕಾದು, ಜರ್ನಲ್ ತೆಗೆದು ಅವಳ ಮುಂದೆಯೇ ನನ್ನ ಕೆಂಪು ಗೀಟನ್ನು ನಾನೇ ಹೊಡೆದು ಹಾಕಿದೆ, 'ತಪ್ಪು' ಎಂಬುದನ್ನೂ ಹೊಡೆದು ಹಾಕಿದೆ, ಕೆಳಗೆ ಸಹಿ ಮಾಡಿದೆ.

"ನಿಂದು ಖರೇ ಇತ್ತು. ನಾನೇ ಮಾಡಿ ನೋಡೀನಿ, ಐವತ್ಮೂರೇ ಬಂತು. ನಂದು ತಪ್ಪಾಯ್ತವ್ವಾ. ನಾಳಿಂದ ಬಾ."

ಅವಳು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಮುಖ ಅರಳಿತು, ನಾನು ಕಂಡೆ. ಆಮೇಲೆ ಕೇಳಿದಳು, "ಹಂಗಾರ ಉಳದೋರದು ತಪ್ಪೇನ್ರಿ ಮೇಡಂ?"

"ಹೌದು."

"ಅವರದೂ ಸೈನ್ ಆಗ್ಯಾದಲ್ರಿ?"

"ಆಗ್ಯಾದ. ಅದು… ಬರೋ ವರ್ಷ ನೋಡೋಣು ಅಂದಾರ ಸರ್."

ಹೂಂ ಎಂದಳು. ಕೊಡ ಎತ್ತಿಕೊಂಡು ಒಳಗೆ ಹೋದಳು. ಅವ್ವ ಊಟ ಮಾಡದೆ ಬಿಡಲಿಲ್ಲ. ಹೊಳೆಯ ನೀರಿನಲ್ಲಿ ಕುದಿಸಿದ ಬೇಳೆ ಬೆಣ್ಣೆಯಂತೆ ಮೆತ್ತಗಿತ್ತು. ನಾನು ಗೆದ್ದು ಬಂದವಳಂತೆ ಗಾಡಿ ಹತ್ತಿದೆ.

ಶನಿವಾರ ಅವಳು ಬಂದಳು, ಅಲ್ಲಿಂದ ಪರೀಕ್ಷೆಯ ತನಕ ಒಂದು ದಿನವೂ ತಪ್ಪಿಸಲಿಲ್ಲ. ಆ ದಿನಗಳಲ್ಲಿ ನನಗೆ ಹಳೆಯ ಹುರುಪು ಸ್ವಲ್ಪ ಮರಳಿತ್ತು. ಮಧ್ಯಾಹ್ನದ ತರಗತಿಯಲ್ಲಿ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಬೇಳೆ, ಪಾತ್ರೆ, ಬೋರಿನ ನೀರು ಹಿಡಿದುಕೊಂಡು ಪಾಠ ಹೇಳಿದೆ. ತಲೆ ಆಡಿಸುವುದು ಕಡಿಮೆಯಾಗಿ ಪ್ರಶ್ನೆಗಳು ಬಂದವು. ಅವಳೂ ಕೇಳಿದಳು. ಗೊತ್ತಾಗಲಿಲ್ರಿ ಎಂದು ಎಲ್ಲರ ಮುಂದೆ ಹೇಳಿದ ಮೊದಲಿಗಳು ಅವಳೇ.

ಪ್ರಾಯೋಗಿಕ ಪರೀಕ್ಷೆಯ ದಿನ ಬೇರೆ ಊರಿನ ಕಾಲೇಜಿನಿಂದ ಪರೀಕ್ಷಕರು ಬಂದರು. ಅವರಿಗೆ ಹಿಂದಿರುಗುವ ಗಾಡಿಯ ಅವಸರ, ನನಗೆ ಅದು ಹೊಸದೇನಲ್ಲ. ಚೀಟಿ ಎತ್ತಿದಾಗ ಅವಳಿಗೆ ನೀರಿನ ಪ್ರಯೋಗವೇ ಬಂತು. ಕಾಲೇಜಿನ ಹೊಸ ಬೋರಿನ ನೀರು ಇಟ್ಟಿದ್ದೆ, ಬೆಳಿಗ್ಗೆ ನಾನೇ ಅಳೆದಿದ್ದೆ, ಇಪ್ಪತ್ತಾರು. ದೂರದಿಂದ ನೋಡುತ್ತಾ ನಿಂತೆ. ಅವಳು ಕೊನೆಗೆ ಒಂದೊಂದೇ ಹನಿ ಬಿಟ್ಟು, ನೀಲಿಯಾದದ್ದೇ ನಲ್ಲಿ ತಿರುಗಿಸಿ, ಬಗ್ಗಿ ಗೀರು ಓದಿದಳು. ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಈ ಲ್ಯಾಬಿನಲ್ಲಿ ಕಂಡಿದ್ದು ಕಡಿಮೆ.

ಮುಗಿಸಿ ವರಾಂಡಕ್ಕೆ ಬಂದಾಗ ತಡೆಯಲಾರದೆ ಕೇಳಿದೆ. "ಎಷ್ಟ್ ಬಂತವ್ವಾ?"

"ಇಪ್ಪತ್ತಾರು ಬಂತ್ರಿ."

"ಶಾಬಾಸ್!" ಎಂದೆ.

ಅವಳು ಚೀಲದ ಜಿಪ್ಪು ಹಾಕುತ್ತಾ ಸಹಜವಾಗಿ ಹೇಳಿದಳು, "ಹದಿನೆಂಟು ಪಾಯಿಂಟ್ ನಾಲ್ಕು ಅಂತ ಬರದು ಕೊಟ್ಟೀನ್ರಿ."

"ಯಾಕ? ಬರೋಬ್ಬರಿ ಬಂದಿತ್ತಲ್ಲ, ಯಾಕ ಹಂಗ ಬರದಿ?"

"ನಂದೊಂದೇ ಬ್ಯಾರೆ ಅಂತ ಗೀಟು ಎಳದ್ರೂ ನೀವು ನಮ್ ಮನಿತನಕ ಬಂದು ಸೈನ್ ಮಾಡಿದ್ರಿ. ಈ ಸರ್ ಮನಿಗಿ ಬರಂಗಿಲ್ಲಲ್ರಿ ಮೇಡಂ."

ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ, ನನ್ನನ್ನು ಚುಚ್ಚುವ ಉದ್ದೇಶವೂ ಇರಲಿಲ್ಲ. ನನಗೆ ತಿಳಿಯದ ಒಂದು ಪಾಠವನ್ನು ಸಮಾಧಾನದಿಂದ ಬಿಡಿಸಿ ಹೇಳಿದಂತಿತ್ತು. ಬರ್ತೀನ್ರಿ ಎಂದು ಸ್ಟೇಷನ್ ದಾರಿ ಹಿಡಿದಳು. ಒಳಗೆ ಪರೀಕ್ಷಕರು ನೀರಿನ ಪ್ರಯೋಗದ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲ ಒಂದೇ ಇರುವುದನ್ನು ನೋಡಿ, ಹುಡುಗರು ಚೆನ್ನಾಗಿ ತಯಾರಾಗಿದ್ದಾರೆ ಎಂದು ನನ್ನನ್ನು ಹೊಗಳಿದರು. ನಾನು ತಲೆ ಆಡಿಸಿದೆ.

ಫಲಿತಾಂಶ ಬಂದಾಗ ಅವಳು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು, ಪ್ರಾಯೋಗಿಕದಲ್ಲಿ ತುಂಬ ಒಳ್ಳೆಯ ಅಂಕ. ಪಾಲಿಶ್ ಮಷೀನಿನ ಮಾತು ಅವರ ಮನೆಯಲ್ಲಿ ಮತ್ತೆ ಬಂದಿಲ್ಲ. ಅದಕ್ಕೆ ನನಗೆ ನಿಜವಾಗಿಯೂ ಸಂತೋಷವಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ವರ್ಷದ ಕೊನೆಗೆ ಮೆಂಟರ್ ರಿಜಿಸ್ಟರ್ ತೆಗೆದು ಕೂತೆ. ಅವಳ ಹೆಸರಿನ ಮುಂದೆ ಸಮಸ್ಯೆ ಬರೆದಾಗಿತ್ತು, ಮಾರ್ಗದರ್ಶನವೂ ಬರೆದಾಗಿತ್ತು. ಮೂರನೆಯ ಕಾಲಂ ಮಾತ್ರ ಖಾಲಿ ಇತ್ತು. ಅಲ್ಲಿ 'ಸುಧಾರಣೆ ಕಂಡುಬಂದಿದೆ' ಎಂದು ಬರೆದು ಸಹಿ ಹಾಕಿದೆ.